ಊರಿನ ನೀರು ಸರಬರಾಜು ಸುಧಾರಿಸಲು ಮೊದಲು ಹೊಸ ಟ್ಯಾಂಕೋ, ಹೊಸ ಪೈಪೋ?

ಎರಡಕ್ಕೂ ಮೊದಲು ಮೀಟರು. ಎಷ್ಟು ನೀರು ಎತ್ತಿದಿರಿ, ಮನೆಗಳಿಗೆ ಎಷ್ಟು ತಲುಪಿತು ಎಂಬ ಲೆಕ್ಕವಿಲ್ಲದೆ ಟ್ಯಾಂಕ್ ಕಟ್ಟುವುದು ತೂತು ಕೊಡಕ್ಕೆ ನೀರು ಹೊಯ್ದಂತೆ.

ಆಮೇಲೆ ಪೈಪು, ಅದೂ ವಲಯವಾರು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಿಂದ 2008ರ ಹೊತ್ತಿಗೆ ಕೆಲವು ವಾರ್ಡುಗಳಿಗೆ 24 ಗಂಟೆಯೂ ನೀರು ಬಂತು. ಇಡೀ ಊರನ್ನು ಅಗೆಯಲಿಲ್ಲ. ಆಯ್ದ ವಲಯಗಳಲ್ಲಷ್ಟೇ ಹೊಸ ಜಾಲ ಹಾಕಿ, ಮನೆಮನೆಗೆ ಮೀಟರು ಕೂರಿಸಿದರು. ಇನ್ನೊಂದು ಲಾಭ ಕಣ್ಣಿಗೆ ಬೀಳದು: ಪೈಪಿನಲ್ಲಿ ಸದಾ ಒತ್ತಡವಿದ್ದರೆ ಬಿರುಕಿನಿಂದ ನೀರು ಹೊರಹೋದೀತು, ಚರಂಡಿ ನೀರು ಒಳಗೆ ಬರುವುದಿಲ್ಲ. ದಿನ ಬಿಟ್ಟು ದಿನ ನೀರು ಬಿಡುವಲ್ಲಿ ಖಾಲಿ ಪೈಪು ಆ ಕೊಳೆಯನ್ನೇ ಹೀರುತ್ತದೆ.

ಉಳಿದ ವಾರ್ಡುಗಳವರು ಮಾತ್ರ ವರ್ಷಗಟ್ಟಲೆ ಕೊಡ ಹಿಡಿದು ಕಾಯಬೇಕಾಯ್ತು. ಹಾಗಾಗಿ ಎರಡನೇ ಹಂತದ ಹಣ, ದಿನಾಂಕ ಎರಡನ್ನೂ ಮೊದಲೇ ಬರೆದಿಡಿ.