ಪಾರ್ಕ್ ಕೌಂಟಿಗೆ ಅಪ್ಪ ಅಮ್ಮನ್ನ ಕರೆದುಕೊಂಡು ಹೋಗಬಹುದಾ? ಹೋಗಿ, ಆದರೆ 31 ಸೇತುವೆ ಲೆಕ್ಕ ಹಾಕಬೇಡಿ

ನೀವು ಕೇಳಿದ್ದು ಇಷ್ಟು: ಅಪ್ಪ ಅಮ್ಮ ಊರಿಂದ ಇಂಡಿಯಾನಾಪೊಲಿಸ್‌ಗೆ ಬಂದಿದ್ದಾರೆ, ಶಿಕಾಗೋ, ನಯಾಗರಾ ಎಲ್ಲ ಆಯ್ತು, ಈಗ ಅಮ್ಮ "ಇವರ ಹಳ್ಳಿ ಹೇಗಿರುತ್ತೆ ತೋರಿಸು" ಅಂತಿದ್ದಾರೆ. ಯಾರೋ ಪಾರ್ಕ್ ಕೌಂಟಿ ಅಂದರು, ಇಂಡಿಯಾನಾದ ಪಶ್ಚಿಮದಲ್ಲಿರುವ, ಹಳೇ ಮರದ ಸೇತುವೆಗಳಿಗೆ ಹೆಸರಾದ ಹಳ್ಳಿಗಾಡಿನ ಜಿಲ್ಲೆ. ಒಂದು ದಿನದಲ್ಲಿ ಹೋಗಿ ಬರೋಕಾಗುತ್ತಾ, ಅಲ್ಲಿನ ಸೇತುವೆಗಳ ಅಕ್ಟೋಬರ್ ಉತ್ಸವದಲ್ಲೇ ಹೋಗಬೇಕಾ, ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಒಂದು ದಿನ ಸಾಕು. ಉತ್ಸವಕ್ಕೆ ಬೇಡ. ಊಟ ಕಟ್ಟಿಕೊಂಡು ಹೋಗಿ. ಆತುರ ಇದ್ದರೆ ಇಷ್ಟೇ ಉತ್ತರ, ಪುರುಸೊತ್ತಿದ್ದರೆ ಮುಂದೆ ಓದಿ.

ನಾನಿರೋದು ಇಂಡಿಯಾನಾಪೊಲಿಸ್‌ನ ಪಶ್ಚಿಮಕ್ಕೆ. ಊರಿಂದ ಯಾರೇ ಬಂದರೂ ನಾನು ಅವರನ್ನ ಅಲ್ಲಿಗೆ ಕರೆದುಕೊಂಡು ಹೋಗುವುದು ಈಗ ರೂಢಿಯಾಗಿಬಿಟ್ಟಿದೆ. ಯು.ಎಸ್. 36 ರಸ್ತೆ ಹಿಡಿದು ಪಶ್ಚಿಮಕ್ಕೆ ನೇರ ಹೋಗುತ್ತಿರಿ, ಡ್ಯಾನ್‌ವಿಲ್ ದಾಟಿದ ಮೇಲೆ ಎರಡೂ ಕಡೆ ಮುಸುಕಿನ ಜೋಳ, ಸೋಯಾಬೀನ್, ಮತ್ತೆ ಮುಸುಕಿನ ಜೋಳ. ಸುಮಾರು 60 ಮೈಲಿ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಇಂಟರ್‌ಸ್ಟೇಟ್ ಹಿಡಿಯಬೇಡಿ, ಅದರಲ್ಲಿ ಟ್ರಕ್ಕಿನ ಹಿಂಭಾಗ ಬಿಟ್ಟು ಬೇರೇನೂ ಕಾಣಲ್ಲ. ಕೌಂಟಿಯ ಕೇಂದ್ರ ರಾಕ್‌ವಿಲ್. ಇಡೀ ಕೌಂಟಿಯಲ್ಲಿ ಇರುವವರು ಹೆಚ್ಚುಕಮ್ಮಿ 16 ಸಾವಿರ ಜನ. ಬೆಂಗಳೂರಿನ ಎರಡು ಮೂರು ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯ ಸೇರಿಸಿದರೆ ಅಷ್ಟು ಜನ ಸಿಗುತ್ತಾರೆ ಅನ್ನಿ.

ರಾಕ್‌ವಿಲ್ ನಡುವೆ ಕೋರ್ಟ್ ಕಟ್ಟಡ, ಅದರ ಸುತ್ತ ನಾಲ್ಕು ಬೀದಿ, ಬೀದಿಗಳಲ್ಲಿ ಇಟ್ಟಿಗೆಯ ಹಳೇ ಅಂಗಡಿ ಸಾಲು. ಅಷ್ಟೇ ಊರು. ಹಳೇ ರೈಲು ನಿಲ್ದಾಣದ ಕಟ್ಟಡದಲ್ಲಿ ಪ್ರವಾಸಿಗರ ಮಾಹಿತಿ ಕೇಂದ್ರ ಇದೆ, ಮೊದಲು ಅಲ್ಲಿಗೆ ಹೋಗಿ ಕಾಗದದ ನಕ್ಷೆ ಇಸ್ಕೊಳ್ಳಿ. ಸುಮ್ನೆ ಹೇಳ್ತಿಲ್ಲ, ಹಳ್ಳದ ಕಡೆ ಇಳಿದರೆ ಫೋನಿಗೆ ಸಿಗ್ನಲ್ ಇರಲ್ಲ. ನಕ್ಷೆಯಲ್ಲಿ ಕೆಂಪು, ಕಪ್ಪು, ನೀಲಿ, ಕಂದು, ಹಳದಿ ಅಂತ ಐದು ದಾರಿ ಗುರುತು ಮಾಡಿರುತ್ತಾರೆ. ರಸ್ತೆ ಬದಿಯ ಬಾಣದ ಗುರುತು ನೋಡಿಕೊಂಡು ಹೋದರೆ ಸೇತುವೆಗಳು ಒಂದೊಂದಾಗಿ ಸಿಗುತ್ತವೆ.

ಹೌದು, ಇಲ್ಲಿನ ವಿಶೇಷ ಮರದ ಸೇತುವೆ. ಮಾಡು, ಅಂದರೆ ಚಾವಣಿ ಇರುವ, ಎರಡೂ ಬದಿಗೆ ಹಲಗೆ ಹೊಡೆದ ಸೇತುವೆ. ಒಟ್ಟು 31 ಇವೆ, ಒಂದೇ ಕೌಂಟಿಯಲ್ಲಿ. ಮಾಡಿನ ಸೇತುವೆಗಳಿಗೆ ಜಗತ್ತಿನ ರಾಜಧಾನಿ ನಾವೇ ಅಂತ ಬೋರ್ಡ್ ಹಾಕಿಕೊಂಡಿದ್ದಾರೆ. ಇಲ್ಲೇ ಎಲ್ಲರೂ ಎಡವುವುದು. 31 ಅಂದ ಕೂಡಲೇ ನಮ್ಮವರಿಗೆ ಪಂಚಾರಾಮ, ಅಷ್ಟವಿನಾಯಕ ದರ್ಶನದ ಹುಮ್ಮಸ್ಸು ಬರುತ್ತೆ. ಪಟ್ಟಿ ಹಿಡಿದು ಟಿಕ್ ಹಾಕುತ್ತಾ ಹೋಗುತ್ತಾರೆ, ಕಾರಿನಿಂದ ಇಳಿಯುವುದು, ಫೋಟೋ, ಹತ್ತುವುದು. ಏಳನೆಯದಕ್ಕೆ ಬರುವಷ್ಟರಲ್ಲಿ ಎಲ್ಲಾ ಕೆಂಪು ಕೊಟ್ಟಿಗೆ ಥರ ಕಾಣೋಕೆ ಶುರುವಾಗುತ್ತೆ, ಹಿಂದಿನ ಸೀಟಿನಲ್ಲಿ ಅಪ್ಪ ಗೊರಕೆ. ನಾಲ್ಕು ಸೇತುವೆ ನೋಡಿ. ಆದರೆ ಒಳಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ.

ನನ್ನ ಪಟ್ಟಿಯಲ್ಲಿ ಮೊದಲನೆಯದು ಜ್ಯಾಕ್ಸನ್ ಸೇತುವೆ. ಶುಗರ್ ಕ್ರೀಕ್ ಅನ್ನುವ ಹಳ್ಳದ ಮೇಲೆ 1861ರಲ್ಲಿ ಕಟ್ಟಿದ್ದು, ಅಂದರೆ ಇಲ್ಲಿನ ಅಂತರ್ಯುದ್ಧ ಶುರುವಾದ ವರ್ಷ. 207 ಅಡಿ ಉದ್ದ, ನಡುವೆ ಒಂದೂ ಕಂಬ ಇಲ್ಲ. ಈ ದಡದಿಂದ ಆ ದಡಕ್ಕೆ ಒಂದೇ ಹಾರು. ಒಳಗೆ ನಿಂತು ಪಕ್ಕದ ಗೋಡೆ ನೋಡಿ: ಮೊದಲು ಕಾಣುವುದು ದೊಡ್ಡ ಬಿಲ್ಲಿನಂಥ ಕಮಾನು. ಅದು ಒಂದೇ ಮರ ಅಲ್ಲ, ತುಂಡು ತುಂಡು ತೊಲೆ ಜೋಡಿಸಿ ಬೋಲ್ಟ್ ಹಾಕಿ ಬಿಗಿದದ್ದು. ಎರಡು ಕಮಾನುಗಳ ನಡುವೆ ನೆಟ್ಟಗಿನ ಕಂಬಗಳನ್ನೂ ಓರೆ ತೊಲೆಗಳನ್ನೂ ಸಿಕ್ಕಿಸಿರುತ್ತಾರೆ. ಕಮಾನಿನ ಎರಡೂ ತುದಿ ನೆಲಹಲಗೆಗಿಂತ ಕೆಳಕ್ಕಿಳಿದು ದಡದ ಕಲ್ಲುಕಟ್ಟಡಕ್ಕೆ ಹೋಗಿ ಒರಗುತ್ತವೆ, ಹೊರಗಿನಿಂದ ಬಗ್ಗಿ ನೋಡಿದರೆ ಕಾಣುತ್ತೆ. ಭಾರವನ್ನ ಕಮಾನು ಮತ್ತು ಚೌಕಟ್ಟು ಹಂಚಿಕೊಳ್ಳುವ ಈ ಜೋಡಣೆ ಥಿಯೊಡೋರ್ ಬರ್ ಅನ್ನುವವನದ್ದು, ಇವತ್ತಿಗೂ ಬರ್ ಟ್ರಸ್ ಅಂತಲೇ ಕರೆಯುತ್ತಾರೆ. ಪಕ್ಕದ ಹಲಗೆ ಸೂರಿನವರೆಗೆ ಹೋಗದೆ ಸ್ವಲ್ಪ ಕೆಳಗೇ ನಿಲ್ಲುತ್ತೆ, ಆ ಸಂದಿನಿಂದ ಬೆಳಕು ಬರುತ್ತೆ. ತೊಲೆಗಳ ಮೇಲೆ ನೂರು ವರ್ಷದ ಪ್ರೇಮಿಗಳ ಹೆಸರು ಕೆತ್ತಿದ್ದು ಸಿಗುತ್ತೆ, ಈ ವಿಷಯದಲ್ಲಿ ಹಂಪಿಗೂ ಇಂಡಿಯಾನಾಗೂ ವ್ಯತ್ಯಾಸ ಇಲ್ಲ. ಅಷ್ಟರಲ್ಲಿ ಒಂದು ಕಾರು ಬಂದರೆ ಗೋಡೆಗೆ ಒತ್ತಿ ನಿಂತುಕೊಳ್ಳಿ, ನೆಲಹಲಗೆ ಗಡಗಡ ಅನ್ನುವ ಸದ್ದು ಕಾಲಿನಿಂದ ಹಲ್ಲಿನವರೆಗೆ ಬರುತ್ತೆ.

ಮಾಡು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಹಿಮ ಬೀಳಬಾರದು ಅಂತ, ಕುದುರೆ ನೀರು ನೋಡಿ ಹೆದರಬಾರದು ಅಂತ ಏನೇನೋ ಹೇಳುವುದುಂಟು. ಅಸಲಿಗೆ ಮಾಡು ಇರುವುದು ದಾಟುವವರಿಗಲ್ಲ, ಮರಕ್ಕೆ. ನಮ್ಮ ಮಲೆನಾಡಿನ ಕಾಲುಸಂಕ ಗೊತ್ತಲ್ವಾ, ನಾಲ್ಕು ಮಳೆಗಾಲಕ್ಕೆ ಕುಂಬಾಗುತ್ತೆ, ಮತ್ತೆ ಹೊಸ ಅಡಿಕೆ ಮರ ಹಾಕಬೇಕು. ತೊಲೆಯ ಕೀಲುಗಳಿಗೆ ನೀರಿಳಿಯದಂತೆ ನೋಡಿಕೊಂಡರೆ ಅದೇ ಮರ ನೂರು ನೂರೈವತ್ತು ವರ್ಷ ಬಾಳುತ್ತೆ. ಮೇಲಿನ ಹೊದಿಕೆ, ಹಲಗೆ ಹಾಳಾದರೆ ಬದಲಿಸಬಹುದು, ಚೌಕಟ್ಟು ಉಳಿದರೆ ಸೇತುವೆ ಉಳಿದ ಹಾಗೆ. ನನಗೆ ಬೆರಗು ಇದರಲ್ಲೇ.

ಇನ್ನೊಂದು ಆಟ ಇದೆ, ಮಕ್ಕಳಿಗೂ ಅಪ್ಪಂದಿರಿಗೂ ಹಿಡಿಸುತ್ತೆ. ಇಲ್ಲಿನ ಹೆಚ್ಚಿನ ಸೇತುವೆ ಕಟ್ಟಿದವರು ಇಬ್ಬರು, ಜೆ.ಜೆ. ಡ್ಯಾನಿಯಲ್ಸ್ ಮತ್ತು ಜೆ.ಎ. ಬ್ರಿಟನ್. ಇಬ್ಬರೂ ರಾಕ್‌ವಿಲ್‌ನಲ್ಲಿ ಇದ್ದವರು, ಒಂದೇ ಗುತ್ತಿಗೆಗೆ ಪೈಪೋಟಿ ಮಾಡಿದವರು. ಡ್ಯಾನಿಯಲ್ಸ್ ಸೇತುವೆಯ ಬಾಯಿ ದುಂಡಗಿನ ಕಮಾನು. ಬ್ರಿಟನ್‌ದು ಮೂಲೆ ಕತ್ತರಿಸಿದ ಚೌಕ. ದೂರದಿಂದಲೇ ಯಾರದ್ದು ಅಂತ ಹೇಳಬಹುದು. ಬಾಯಿಯ ಮೇಲೆ ಬಿಳಿ ಹಲಗೆಯಲ್ಲಿ ಕಟ್ಟಿದವನ ಹೆಸರು, ಇಸವಿ, ಜೊತೆಗೆ ಹಲವು ಕಡೆ ಈ ಸೇತುವೆಯನ್ನು ನಿಧಾನ ನಡಿಗೆಯಲ್ಲಿ ದಾಟಿ ಅನ್ನುವ ಸಾಲು. ಅದು ಕುದುರೆಗೆ ಹೇಳಿದ್ದು, ಅಂದರೆ ಸವಾರನಿಗೆ. ಕುದುರೆಗಳು ಒಂದೇ ಲಯದಲ್ಲಿ ದೌಡಾಯಿಸಿದರೆ ಸೇತುವೆ ತೂಗಲು ಶುರುವಾಗಿ ಕೀಲು ಸಡಿಲ ಆಗುತ್ತೆ ಅನ್ನುವ ಭಯ.

ಎರಡನೆಯದು ಬ್ರಿಜ್‌ಟನ್. ರಾಕ್‌ವಿಲ್‌ನಿಂದ ದಕ್ಷಿಣಕ್ಕೆ. ಇಲ್ಲಿ 1868ರಲ್ಲಿ ಡ್ಯಾನಿಯಲ್ಸ್ ಕಟ್ಟಿದ ಸೇತುವೆ ಇತ್ತು. 2005ರ ಏಪ್ರಿಲ್‌ನಲ್ಲಿ ಒಬ್ಬ ಬೆಂಕಿ ಹಚ್ಚಿಬಿಟ್ಟ. 137 ವರ್ಷದ ಒಣ ಮರ, ಕೇಳಬೇಕೇ, ಒಂದೇ ರಾತ್ರಿಯಲ್ಲಿ ಬೂದಿ. ಊರು ಅಂದರೆ ಕೆಲವೇ ಮನೆ. ಅವರು ಹೋಗಲಿ ಬಿಡು ಅನ್ನಲಿಲ್ಲ, ಕಾಂಕ್ರೀಟ್ ಹಾಕಿ ಅಂತಲೂ ಅನ್ನಲಿಲ್ಲ. 2006ರಲ್ಲಿ ಅದೇ ಜಾಗದಲ್ಲಿ ಅದೇ ನಮೂನೆಯ ಮರದ ಸೇತುವೆ ಎದ್ದು ನಿಂತಿತು. "ಹಾಗಾದರೆ ಇದು ಹಳೇದಲ್ಲ, ಡೂಪ್ಲಿಕೇಟು" ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಇದೇ ಜಾಸ್ತಿ ಇಷ್ಟ. ಮೇಲುಕೋಟೆಯ ತೇರಿಗೆ ಹೊಸ ಗಾಲಿ ಹಾಕಿದರೆ ತೇರು ಬೇರೆ ಅಂತೀವಾ? ಆ ಕೆಲಸ ಬಲ್ಲವರು 21ನೇ ಶತಮಾನದಲ್ಲೂ ಇದ್ದಾರೆ ಅಂತ ಗೊತ್ತಾಗುವುದು ಇಲ್ಲಿಯೇ.

ಸೇತುವೆ ಪಕ್ಕದಲ್ಲೇ ಅಣೆಕಟ್ಟಿನಿಂದ ನೀರು ಧುಮುಕುತ್ತೆ, ಅದರ ದಡದಲ್ಲಿ ಹಿಟ್ಟಿನ ಗಿರಣಿ. 1820ರ ದಶಕದಿಂದ ಈ ಜಾಗದಲ್ಲಿ ಗಿರಣಿ ಇದೆ, ಈಗಲೂ ಕಲ್ಲಿನಲ್ಲಿ ಬೀಸುತ್ತಾರೆ. ಒಳಗೆ ಹೋಗಿ, ಅಮ್ಮಂದಿರು ಹೊರಗೆ ಬರಲ್ಲ. ಮುಸುಕಿನ ಜೋಳದ ಹಿಟ್ಟು, ಗೋಧಿ ಹಿಟ್ಟು ಚೀಲದಲ್ಲಿ ಸಿಗುತ್ತೆ. ಜೋಳದ ಹಿಟ್ಟು ತಂದು ರೊಟ್ಟಿ ತಟ್ಟೋಣ ಅಂತ ಅಂದುಕೊಂಡರೆ ತರಿ ಇರುತ್ತೆ, ಜರಡಿ ಹಿಡಿದು ಕುದಿನೀರಲ್ಲಿ ಕಲಸಿದರೆ ಮಾತ್ರ ಬರುತ್ತೆ. ತರಿಯಲ್ಲಿ ಉಪ್ಪಿಟ್ಟು ಚೆನ್ನಾಗಾಗುತ್ತೆ.

ಮ್ಯಾನ್ಸ್‌ಫೀಲ್ಡ್‌ನಲ್ಲೂ ಒಂದು ಸೇತುವೆ, ಒಂದು ಗಿರಣಿ ಇದೆ. ದಾರಿಯಲ್ಲಿ ಸಿಕ್ಕಿದರೆ ನೋಡಿ, ಇಲ್ಲವಾದರೆ ಬೇಜಾರಿಲ್ಲ. ಮೂರನೆಯದಾಗಿ ವೆಸ್ಟ್ ಯೂನಿಯನ್ ಸೇತುವೆಗೆ ತಪ್ಪದೆ ಹೋಗಿ, 1876ರದ್ದು, 315 ಅಡಿ, ಕೌಂಟಿಯಲ್ಲೇ ಉದ್ದ. ವಾಹನ ಬಿಡುವುದಿಲ್ಲ, ಹಾಗಾಗಿ ಅಪ್ಪ ನಿರಾತಂಕವಾಗಿ ಕೈಕಟ್ಟಿಕೊಂಡು ಆ ಕಡೆಯಿಂದ ಈ ಕಡೆ ಅಡ್ಡಾಡಬಹುದು.

ನಾಲ್ಕನೆಯದು ನ್ಯಾರೋಸ್, 1882ರಲ್ಲಿ ಬ್ರಿಟನ್ ಕಟ್ಟಿದ್ದು. ಇದು ಟರ್ಕಿ ರನ್ ಸ್ಟೇಟ್ ಪಾರ್ಕ್ ಒಳಗಿದೆ, ಗೇಟಿನಲ್ಲಿ ಕಾರಿಗೆ ಸ್ವಲ್ಪ ಶುಲ್ಕ. ಈ ಕಾಡು ಉಳಿದ ಕಥೆಯನ್ನ ಅಮ್ಮನಿಗೆ ಹೇಳಿ. ಜಾನ್ ಲಸ್ಕ್ ಅನ್ನುವವನ ಜಮೀನು ಇದು, ಬದುಕಿರುವ ತನಕ ಒಂದು ಮರ ಕಡಿಯಲು ಬಿಡಲಿಲ್ಲ. 1915ರಲ್ಲಿ ಆತ ಸತ್ತ ಮೇಲೆ ಮರದ ವ್ಯಾಪಾರಿಗಳ ಕಣ್ಣು ಬಿತ್ತು. ರಾಕ್‌ವಿಲ್‌ನ ಪತ್ರಿಕೆಗೆ ಅಂಕಣ ಬರೆಯುತ್ತಿದ್ದ ಜೂಲಿಯೆಟ್ ಸ್ಟ್ರಾಸ್ ಅನ್ನುವ ಹೆಂಗಸು ಗವರ್ನರ್‌ಗೇ ಪತ್ರ ಬರೆದರು, ಈ ಕಾಡು ಕಡಿಯಲು ಬಿಡಬೇಡಿ ಅಂತ. ಸಮಿತಿ ಆಯ್ತು, ಚಂದಾ ಎತ್ತಿದ್ದಾಯ್ತು. ಆದರೂ 1916ರ ಹರಾಜಿನಲ್ಲಿ ತೆಳುಹಲಗೆ ಮಾಡುವ ಕಂಪನಿಯೊಂದು 30,200 ಡಾಲರ್‌ಗೆ ಹೊಡೆದುಕೊಂಡಿತು. ಆ ವರ್ಷ ಮುಗಿಯುವ ಮೊದಲೇ ಸಮಿತಿಯವರು ಆ ಕಂಪನಿಗೆ ಜಾಸ್ತಿ ದುಡ್ಡು ಕೊಟ್ಟು ಕಾಡನ್ನ ಕೊಂಡರು. ಹಾಗೆ ಇದು ಇಂಡಿಯಾನಾದ ಎರಡನೇ ಸ್ಟೇಟ್ ಪಾರ್ಕ್ ಆಯ್ತು. ಒಂದು ಹಳ್ಳಿ ಪೇಪರಿನ ಅಂಕಣಗಾರ್ತಿ!

ಒಳಗೆ ತೂಗುಸೇತುವೆ ದಾಟಿದರೆ ಮರಳುಗಲ್ಲಿನ ಕಿರುಕಣಿವೆಗಳು. ಅಪ್ಪ ಅಮ್ಮನ್ನ ಮೂರನೇ ನಂಬರ್ ಟ್ರೇಲ್‌ಗೆ ಕರೆದುಕೊಂಡು ಹೋಗಬೇಡಿ. ನೀರಲ್ಲೇ ನಡೆಯಬೇಕು, ಏಣಿ ಹತ್ತಿಳಿಯಬೇಕು. ಮಂಡಿ ನೋವಿನವರಿಗೆ ಆಗದ ಕೆಲಸ. ತೂಗುಸೇತುವೆಗೂ ಮೆಟ್ಟಿಲು ಜಾಸ್ತಿ. ನ್ಯಾರೋಸ್ ಸೇತುವೆ ಮತ್ತು ಲಸ್ಕ್ ಮನೆ ಕಡೆ ಕಾರು ಹತ್ತಿರ ನಿಲ್ಲಿಸಿ ನಿಧಾನ ನಡೆದರೆ ಸಾಕು.

ದಾರಿಯಲ್ಲಿ ಬೂದು ಬಣ್ಣದ ಕುದುರೆಗಾಡಿ ಎದುರಾದರೆ ಅದು ಆಮಿಶ್ ಜನ, ಕಾರು, ಆಧುನಿಕ ಸೌಕರ್ಯ ದೂರ ಇಟ್ಟು ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡ. 1990ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯಿಂದ ಜಮೀನು ಹುಡುಕಿಕೊಂಡು ಬಂದವರು. ಗಾಡಿ ಹಿಂದೆ ಹಾರ್ನ್ ಹೊಡೆಯಬೇಡಿ, ದೂರ ಬಿಟ್ಟು ನಿಧಾನಕ್ಕೆ ದಾಟಿ. ಮುಖದ ಫೋಟೋ ತೆಗೆಯಬೇಡಿ, ಅವರಿಗೆ ಅದು ಸರಿ ಬರಲ್ಲ. ಅಪ್ಪನಿಗೆ ಕೃಷಿ ಹಿನ್ನೆಲೆ ಇದ್ದರೆ ಕುದುರೆ ಕಟ್ಟಿ ಉಳುವುದನ್ನ ನೋಡಿ ಮಾತಾಡಿಸಲೇಬೇಕು ಅಂತಾರೆ. ಅವರ ಅಂಗಡಿಯಲ್ಲಿ ಸಿಕ್ಕವರನ್ನ ಧಾರಾಳವಾಗಿ ಮಾತಾಡಿಸಿ. ಭಾನುವಾರ ಮಾತ್ರ ಅವರ ಅಂಗಡಿ ಮುಚ್ಚಿರುತ್ತೆ.

ಈಗ ಉತ್ಸವ. ಅಕ್ಟೋಬರ್ ಎರಡನೇ ಶುಕ್ರವಾರದಿಂದ ಹತ್ತು ದಿನ, 1957ರಿಂದ ನಡೆಯುತ್ತಿದೆ. ಎಲೆ ಬಣ್ಣಕ್ಕೆ ತಿರುಗಿರುತ್ತೆ, ಚೆಂದ ಇರುತ್ತೆ, ಇಲ್ಲ ಅನ್ನಲ್ಲ. ಆದರೆ ಜನ, ಜನ, ಜನ. ಎರಡು ಲೇನಿನ ಹಳ್ಳಿ ರಸ್ತೆಯಲ್ಲಿ ಮೈಲಿಗಟ್ಟಲೆ ಕಾರು. ಹೊಲದಲ್ಲಿ ಪಾರ್ಕಿಂಗ್, ನಗದು ಕೊಡಬೇಕು. ಸೇತುವೆ ಕಾಣುವ ಮೊದಲು ಸಾಲುಸಾಲು ಡೇರೆ: ಟೀ ಶರ್ಟು, ಮರದ ಗೊಂಬೆ, ಚೈನಾ ಸಾಮಾನು. ಅಮ್ಮ ಕೇಳಿದ್ದು ಹಳ್ಳಿ ಅಲ್ವಾ, ಜಾತ್ರೆ ಅಲ್ಲವಲ್ಲ. ಎಲೆ ಬಣ್ಣವೂ ಬೇಕು ಅಂದರೆ ಉತ್ಸವ ಮುಗಿದ ಮರುವಾರ ಹೋಗಿ, ಎಲೆ ಇನ್ನೂ ಇರುತ್ತೆ, ಡೇರೆ ಇರಲ್ಲ. ಚಳಿಗಾಲದಲ್ಲೂ ಇದ್ದರೆ ಫೆಬ್ರವರಿ ಕೊನೆಗೆ ಮೇಪಲ್ ಮರದ ರಸ ಕಾಯಿಸುವುದನ್ನ ನೋಡಬಹುದು. ನಮ್ಮ ಆಲೆಮನೆ ಕಂಡವರಿಗೆ ಆ ಹಬೆ, ಆ ಸಿಹಿ ವಾಸನೆ ಬೇರೆ ವಿವರಿಸಬೇಕಿಲ್ಲ.

ಊಟ. ಇಲ್ಲಿನ ಹೆಸರುವಾಸಿ ತಿಂಡಿ ಅಂದರೆ ಹಂದಿ ಮಾಂಸದ ಟೆಂಡರ್‌ಲಾಯಿನ್ ಸ್ಯಾಂಡ್‌ವಿಚ್, ಮತ್ತೆ ಟ್ಯಾಂಜಿಯರ್ ಅನ್ನುವ ಹಳ್ಳಿಯಲ್ಲಿ ಉತ್ಸವಕ್ಕೆ ನೆಲದಲ್ಲಿ ಗುಂಡಿ ತೋಡಿ ಬೇಯಿಸುವ ದನದ ಮಾಂಸ. ನಿಮ್ಮ ಮನೆಯವರಿಗೆ ಏನೂ ಪ್ರಯೋಜನ ಇಲ್ಲ. ಸಿಗುವುದು ಆಲೂ ಫ್ರೈ, ಚೀಸ್ ಸ್ಯಾಂಡ್‌ವಿಚ್, ಆಪಲ್ ಬಟರ್ (ಸೇಬು ಕುದಿಸಿ ಮಾಡಿದ, ಜಾಮ್ ಥರದ್ದು) ಹಚ್ಚಿದ ಬ್ರೆಡ್, ಪರ್ಸಿಮನ್ ಹಣ್ಣಿನ ಪುಡ್ಡಿಂಗ್. ಕೊನೆಯದಕ್ಕೆ ಮೊಟ್ಟೆ ಹಾಕಿರುತ್ತಾರೆ, ಮೊಟ್ಟೆ ತಿನ್ನದವರು ಬಿಟ್ಟುಬಿಡಿ. ಬೀನ್ಸ್ ತೊಗೊಳ್ಳುವ ಮುಂಚೆ ಮಾಂಸ ಹಾಕಿದ್ದಾರಾ ಕೇಳಿ, ಹಾಕಿರುತ್ತಾರೆ. ಚಪಾತಿ ಪಲ್ಯ, ಮೊಸರನ್ನ ಕಟ್ಟಿಕೊಳ್ಳಿ, ಟರ್ಕಿ ರನ್‌ನಲ್ಲಿ ಮರದ ಕೆಳಗೆ ಮೇಜು ಬೆಂಚು ಇವೆ, ಕುಡಿಯುವ ನೀರು, ಶೌಚಾಲಯವೂ ಇದೆ.

ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾಕ್‌ವಿಲ್, ಬ್ರಿಜ್‌ಟನ್ ಮುಗಿಸಿ ಮಧ್ಯಾಹ್ನಕ್ಕೆ ಟರ್ಕಿ ರನ್, ಊಟ ಆದ ಮೇಲೆ ಜ್ಯಾಕ್ಸನ್, ವೆಸ್ಟ್ ಯೂನಿಯನ್. ಜ್ಯಾಕ್ಸನ್‌ನ ಮೊದಲೇ ನೋಡಬೇಕು ಅನ್ನಿಸಿದರೆ ಇದನ್ನೇ ತಿರುಗಿಸಿಕೊಳ್ಳಿ, ಆದರೆ ಗಿರಣಿ ಮುಚ್ಚುವ ಹೊತ್ತು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಕೆಲವು ರಸ್ತೆ ಜಲ್ಲಿಕಲ್ಲಿನವು, ಬಾಡಿಗೆ ವ್ಯಾನ್ ದೊಡ್ಡದಿದ್ದರೆ ಸೇತುವೆ ಬಾಯಿಯಲ್ಲಿ ಬರೆದ ಎತ್ತರ, ತೂಕದ ಮಿತಿ ನೋಡಿಯೇ ನುಗ್ಗಿ. ಪೆಟ್ರೋಲ್ ರಾಕ್‌ವಿಲ್‌ನಲ್ಲೇ ತುಂಬಿಸಿ. ಕತ್ತಲಾಗುವ ಮುಂಚೆ ಹೊರಡಿ, ಜಿಂಕೆ ರಸ್ತೆಗೆ ಹಾರುತ್ತವೆ.