ಒಂದು ಲಾರಿ ಟೊಮೆಟೊ, ಮಾರ್ಕ್ಸ್ ಎಷ್ಟು?

ಪ್ರಶ್ನೆ: ಎಂಟನೇ ಕ್ಲಾಸಿಗೆ ಗಣಿತ ಪಾಠ ಮಾಡುತ್ತೇನೆ. ಹೋದ ವಾರ ಸುಮ್ನೆ, ‘ಕೋಲಾರ ಎಪಿಎಂಸಿಯಿಂದ ಹೊರಡುವ ಒಂದು ಲಾರಿಯಲ್ಲಿ ಎಷ್ಟು ಟೊಮೆಟೊ ಇರಬಹುದು?’ ಅಂತ ಕೇಳಿದೆ. ಐದು ಸಾವಿರದಿಂದ ಹತ್ತು ಲಕ್ಷದವರೆಗೆ ಉತ್ತರ ಬಂತು, ಕ್ಲಾಸೇ ಸಂತೆಯಾಯಿತು. ಈಗ ‘ಸರಿ ಉತ್ತರ ಯಾವುದು ಮಿಸ್’ ಅಂತ ಪ್ರಾಣ ತಿನ್ನುತ್ತಿದ್ದಾರೆ. ಇಂಥದ್ದಕ್ಕೆ ಮಾರ್ಕ್ಸ್ ಕೊಡುವುದು ಹೇಗೆ? ಪೋರ್ಷನ್ ಬಿಟ್ಟು ಇದೆಲ್ಲ ಬೇಕಾ?
– ಒಬ್ಬ ಶಿಕ್ಷಕಿ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಸಂತೆಯಾಯಿತು ಅಂದರೆ ಪ್ರಶ್ನೆ ಚೆನ್ನಾಗಿತ್ತು ಅಂತಲೇ. ಆದರೆ ನೇರವಾಗಿ ಸಂಖ್ಯೆ ಕೇಳಿದರೆ ಮಕ್ಕಳು ಬಾಯಿಗೆ ಬಂದದ್ದು ಹೇಳುತ್ತಾರೆ. ಮೊದಲು ‘ಏನೇನು ಗೊತ್ತಿರಬೇಕು?’ ಅಂತ ಕೇಳಿ. ಲಾರಿ ಎಷ್ಟು ಟನ್ನಿನದು, ಬಾಕ್ಸಿಗೆ ಎಷ್ಟು ಕೆಜಿ, ಒಂದು ಹಣ್ಣು ಎಷ್ಟು ಗ್ರಾಂ. ನಿಮ್ಮ ಕಡೆ ಬಾಕ್ಸ್ ಅಂದರೆ 15 ಕೆಜಿ ಅಂತ ಅರ್ಧ ಕ್ಲಾಸಿಗೆ ಗೊತ್ತಿರುತ್ತದೆ, ನಿಮಗಿಂತ ಚೆನ್ನಾಗಿಯೇ.

ಹಣ್ಣಿನ ತೂಕಕ್ಕೆ ಜಗಳ ಬರುತ್ತದೆ, ಬರಲಿ. ಇದಕ್ಕಿಂತ ಕಮ್ಮಿ ಇರಲ್ಲ ಅಂತ 50 ಗ್ರಾಂ, ಇದಕ್ಕಿಂತ ಜಾಸ್ತಿ ಇರಲ್ಲ ಅಂತ 200 ಗ್ರಾಂ ಇಟ್ಟುಕೊಳ್ಳಿ. ಕೂಡಿಸಿ ಅರ್ಧ ಮಾಡಿದರೆ 125. ಹಾಗೆ ಮಾಡಬೇಡಿ, ಎರಡನ್ನೂ ಗುಣಿಸಿ ವರ್ಗಮೂಲ ತೆಗೆಸಿ: 50 × 200 = 10,000, ವರ್ಗಮೂಲ 100. ಈಗ ನಮ್ಮ ಊಹೆ ಎರಡೂ ತುದಿಯಿಂದ ಸರಿಯಾಗಿ ಎರಡು ಪಟ್ಟು ದೂರ. ಬೇರೆ ಲೆಕ್ಕದಲ್ಲಿ ಮೇಲಿನ ತುದಿ ಕೆಳಗಿನದಕ್ಕಿಂತ ನೂರು ಪಟ್ಟು ದೊಡ್ಡದಿದ್ದಾಗ ಸರಾಸರಿ ಪೂರ್ತಿ ಅದರ ಕಡೆಗೇ ವಾಲುತ್ತದೆ, ವರ್ಗಮೂಲ ವಾಲುವುದಿಲ್ಲ. ವರ್ಗಮೂಲ ಹೇಗೂ ಎಂಟನೇ ಕ್ಲಾಸಿನ ಪಾಠವೇ, ಅಲ್ಲಿಗೆ ನಿಮ್ಮ ಪೋರ್ಷನ್ನೂ ಆಯಿತು.

ಇನ್ನು ಲಾರಿ ಹತ್ತು ಟನ್ನಿನದು ಅಂದುಕೊಂಡರೆ ಬಾಕ್ಸಿಗೆ 150 ಹಣ್ಣು, ಸುಮಾರು 660 ಬಾಕ್ಸು, ಹತ್ತಿರಹತ್ತಿರ ಒಂದು ಲಕ್ಷ. ಯಾವನಾದರೂ ಎದ್ದು ‘ಬಾಕ್ಸ್ ಯಾಕೆ ಮಿಸ್, ಕೆಜಿಗೆ ಹತ್ತು, ಹತ್ತು ಸಾವಿರ ಕೆಜಿ, ಮುಗೀತಲ್ಲ’ ಅಂದರೆ ಅವನಿಗೆ ಒಂದು ಮಾರ್ಕ್ಸ್ ಜಾಸ್ತಿ ಕೊಡಿ.

ಮಾರ್ಕ್ಸ್ ವಿಷಯ. ಹತ್ತಕ್ಕೆ ಎಂಟು ಊಹೆಗಳಿಗೆ ಮತ್ತು ‘ಯಾಕೆ ಹಾಗಂದುಕೊಂಡೆ’ ಅನ್ನುವುದಕ್ಕೆ ಇಡಿ. ಉತ್ತರ ಅರ್ಧದಿಂದ ಎರಡು ಪಟ್ಟಿನೊಳಗೆ ಇದ್ದರೆ ಉಳಿದ ಎರಡೂ ಕೊಡಿ. ಇದು ಉದಾರತನ ಅಲ್ಲ. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಮೊದಲ ಅಣುಬಾಂಬ್ ಪರೀಕ್ಷೆ ಆದಾಗ ವಿಜ್ಞಾನಿ ಎನ್ರಿಕೊ ಫರ್ಮಿ, ಸ್ಫೋಟದ ಗಾಳಿ ಬಂದು ತಾಗುವ ಹೊತ್ತಿಗೆ ಕೈಯಿಂದ ಕಾಗದದ ಚೂರು ಬಿಟ್ಟು, ಅವು ಸುಮಾರು ಎರಡೂವರೆ ಮೀಟರ್ ಸರಿದದ್ದು ನೋಡಿ, ಹತ್ತು ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ ಅಂದರು. ನಿಜವಾದದ್ದು ಅದರ ಎರಡು ಪಟ್ಟಿಗೂ ಸ್ವಲ್ಪ ಜಾಸ್ತಿ. ಆ ಅಂದಾಜನ್ನು ಇವತ್ತಿಗೂ ಮೆಚ್ಚಿಕೊಳ್ಳುತ್ತಾರೆ, ಇಂಥ ಲೆಕ್ಕಗಳಿಗೆ ಫರ್ಮಿ ಲೆಕ್ಕ ಅಂತಲೇ ಹೆಸರು.

ವಾರವಿಡೀ ಇದನ್ನೇ ಮಾಡಬೇಡಿ, ಶನಿವಾರ ಬೆಳಗಿನ ಒಂದು ಪಿರಿಯಡ್ ಸಾಕು. ಮುಂದಿನ ಸಲ ಶಾಲೆಯ ಚಾವಣಿ ತಗೊಳ್ಳಿ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಕೋಲಾರಕ್ಕೆ ವರ್ಷಕ್ಕೆ ಸುಮಾರು 700 ಮಿ.ಮೀ. ಅಂತ ಇಟ್ಟುಕೊಂಡರೆ, 60 ಚದರ ಮೀಟರಿನ ಒಂದು ಕೋಣೆಯ ಮೇಲೆ 42,000 ಲೀಟರ್ ಬೀಳುತ್ತದೆ. ಅದು ಬಿಸಿಯೂಟದ ಅಡುಗೆಗೆ ಎಷ್ಟು ದಿನ ಬರುತ್ತದೆ ಅಂತ ಕೇಳಿ. ಅಡುಗೆಯವರನ್ನೂ ಕ್ಲಾಸಿಗೆ ಕರೆಯಿರಿ, ದಿನಕ್ಕೆ ಎಷ್ಟು ಕೊಡ ನೀರು ಬೇಕು ಅನ್ನುವುದನ್ನು ಅವರೇ ಹೇಳಲಿ.