ವನ್ಯಜೀವಿ ಛಾಯಾಗ್ರಹಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಾಡುಪ್ರಾಣಿ, ಹಕ್ಕಿಗಳ ಫೋಟೊ ತೆಗೆಯುವ ಹವ್ಯಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಹಕ್ಕಿಗಳ ಫೋಟೊ ತೆಗೆಯಬೇಕೆಂಬ ಆಸೆ ಬಹಳ ದಿನದ್ದು. ಹೊಸ ಕ್ಯಾಮೆರಾ, ದೊಡ್ಡ ಲೆನ್ಸ್ ಎರಡನ್ನೂ ಕೊಳ್ಳುವಷ್ಟು ಹಣವಿಲ್ಲ. ಎಲ್ಲಿಂದ ಶುರು ಮಾಡಲಿ?
– ಶಿಕ್ಷಕರೊಬ್ಬರು, ದಾವಣಗೆರೆ

ಹಣದ ದೊಡ್ಡ ಪಾಲನ್ನು ಲೆನ್ಸಿಗೆ ಇಡಿ, ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದಾದರೂ ನಡೆಯುತ್ತದೆ. ಎಲ್ಲರೂ ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಹೊರಳುತ್ತಿರುವುದರಿಂದ ಕನ್ನಡಿಯಿರುವ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿವೆ. ನಿಕಾನ್ ಡಿ7200, ಡಿ500, ಕ್ಯಾನನ್ 7ಡಿ ಮಾರ್ಕ್ 2 ಇಂದಿಗೂ ಹಕ್ಕಿಗಳಿಗೆ ಹೇಳಿ ಮಾಡಿಸಿದಂಥವು. ಮೂರೂ ಚಿತ್ರ ಹಿಡಿಯುವ ಫಲಕ ಚಿಕ್ಕದಿರುವ ಕ್ರಾಪ್ ಸೆನ್ಸರ್‌ನವು. ಹಾಗಾಗಿ ನಿಕಾನ್‌ನಲ್ಲಿ 400 ಮಿ.ಮೀ. ಲೆನ್ಸ್ 600ರಷ್ಟು ಹತ್ತಿರ ತೋರಿಸುತ್ತದೆ, ಕ್ಯಾನನ್‌ನಲ್ಲಿ 640ರಷ್ಟು. ಲೆನ್ಸ್‌ಗಳಲ್ಲಿ ಸಿಗ್ಮಾ ಅಥವಾ ಟ್ಯಾಮ್ರಾನ್ 150-600 ಮಿ.ಮೀ. ನೋಡಿ. ಎರಡು ಕೆ.ಜಿ. ಆಸುಪಾಸು ತೂಗುತ್ತವೆ, ಕೈಯಲ್ಲಿ ಹಿಡಿದೇ ಕೆಲಸ ಮಾಡಬಹುದು. ಅದೂ ಕೈಗೆಟುಕದಿದ್ದರೆ 70-300 ಸಾಕು. ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ, ಅಷ್ಟೆ.

ಹಳೆಯದನ್ನು ಕೊಳ್ಳುವಾಗ ನೋಡಲೇಬೇಕಾದದ್ದು ಕೆಲವಿದೆ. ಮೊದಲನೆಯದು ಶಟರ್ ಎಣಿಕೆ, ಅಂದರೆ ಬೆಳಕು ಬಿಡುವ ಪರದೆ ಈವರೆಗೆ ಎಷ್ಟು ಸಲ ತೆರೆದಿದೆ ಎಂಬ ಲೆಕ್ಕ: ಡಿ500 ಮತ್ತು 7ಡಿ ಮಾರ್ಕ್ 2ರ ಶಟರ್‌ಗಳನ್ನು 2 ಲಕ್ಷ ಕ್ಲಿಕ್ಕಿಗೆ, ಡಿ7200ರದ್ದನ್ನು ಒಂದೂವರೆ ಲಕ್ಷಕ್ಕೆ ಪರೀಕ್ಷಿಸಿದ್ದಾರೆ. ಅದರ ಹತ್ತಿರ ಬಂದಿದ್ದರೆ ಬೆಲೆ ಇಳಿಸಲು ಹೇಳಿ. ಆಮೇಲೆ ಲೆನ್ಸಿನ ಹಿಂಬದಿಯಿಂದ ಟಾರ್ಚ್ ಹಾಯಿಸಿ ಮುಂದಿನಿಂದ ನೋಡಿ. ಒಂದೆರಡು ದೂಳಿನ ಕಣ ಕಂಡರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಕೊನೆಗೆ ಎಂಟು-ಹತ್ತು ಮೀಟರ್ ದೂರದ ಗೋಡೆಗೆ ದಿನಪತ್ರಿಕೆಯ ಹಾಳೆ ಅಂಟಿಸಿ, 600 ಮಿ.ಮೀ.ನಲ್ಲಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಕ್ಯಾಮೆರಾವನ್ನು ಗಟ್ಟಿಯಾದ ಆಸರೆಯ ಮೇಲಿಟ್ಟು ಹತ್ತು ಫೋಟೊ ತೆಗೆಯಿರಿ. ಹತ್ತರಲ್ಲೂ ಒಂದೇ ಪಕ್ಕ ಮಸುಕಾಗಿದ್ದರೆ ಒಳಗಿನ ಗಾಜು ಜರುಗಿದೆ, ಅಂಥ ಲೆನ್ಸ್ ಬೇಡ. ಫೋಕಸ್ ಪ್ರತಿ ಸಲವೂ ಒಂದೇ ಅಳತೆಯಲ್ಲಿ ಹಿಂದೆಯೋ ಮುಂದೆಯೋ ಬೀಳುತ್ತಿದ್ದರೆ ಹೆದರಬೇಡಿ, ಈ ಮೂರೂ ಬಾಡಿಗಳ ಮೆನುವಿನಲ್ಲಿ ಅದನ್ನು ಸರಿಪಡಿಸುವ ಸೌಲಭ್ಯವಿದೆ.

ಕೊಂಡ ತಕ್ಷಣ ಹುಲಿಯ ಬೆನ್ನು ಹತ್ತಬೇಡಿ. ನಿಮಗೆ ಕೊಂಡಜ್ಜಿ ಕೆರೆ ಹತ್ತಿರವಿದೆ. ಬೆಳ್ಳಕ್ಕಿ, ಮಿಂಚುಳ್ಳಿ, ಕಾಜಾಣಗಳನ್ನು ಒಂದು ವರ್ಷ ಪೂರ್ತಿ ಅಲ್ಲೇ ತೆಗೆಯಿರಿ. ಒಂದೇ ಹಕ್ಕಿಯನ್ನು ಮತ್ತೆ ಮತ್ತೆ ನೋಡಿದವರಿಗೆ ಅದು ಯಾವ ಕೊಂಬೆಗೆ ಮರಳುತ್ತದೆ, ಯಾವಾಗ ಹಾರುತ್ತದೆ ಎಂಬುದು ಮೊದಲೇ ತಿಳಿಯುತ್ತದೆ. ದುಬಾರಿ ಲೆನ್ಸ್‌ಗಿಂತ ಹೆಚ್ಚಿಗೆ ಕೆಲಸಕ್ಕೆ ಬರುವುದು ಅದೇ.

ಪ್ರಶ್ನೆ: ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಹಾರಾಟ ತೆಗೆಯುತ್ತೇನೆ. ನೂರರಲ್ಲಿ ಒಂದೂ ಶಾರ್ಪ್ ಆಗಿ ಬರುವುದಿಲ್ಲ. ತಪ್ಪು ಕ್ಯಾಮೆರಾದ್ದೋ, ನನ್ನದೋ?
– ಓದುಗರು, ಗದಗ

ಮೊದಲು ಮಸುಕಿನ ಜಾತಿ ಯಾವುದೆಂದು ಗುರುತಿಸಿ. ಫೋಟೊವನ್ನು ಕಂಪ್ಯೂಟರಿನಲ್ಲಿ ನೂರಕ್ಕೆ ನೂರರಷ್ಟು ದೊಡ್ಡದು ಮಾಡಿ ನೋಡಿ. ಹಕ್ಕಿ ಮಸುಕು, ಅದರ ಹಿಂದಿನ ಜಾಲಿಮರವೋ ಮುಂದಿನ ಹುಲ್ಲೋ ಸ್ಪಷ್ಟ ಎಂದಾದರೆ ಫೋಕಸ್ ತಪ್ಪಿದೆ. ಹಕ್ಕಿ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಶಟರ್ ನಿಧಾನವಾಯಿತು. ಅಂಚುಗಳೆಲ್ಲ ಅಲೆಅಲೆಯಾಗಿ, ಜೋಡಿ ಗೆರೆಯಾಗಿ ಕಂಡರೆ ಅದು ಬಿಸಿಗಾಳಿಯ ಕೆಲಸ.

ಈ ಮೂರನೆಯದನ್ನು ಬಹಳ ಜನ ಲೆನ್ಸಿನ ದೋಷವೆಂದು ತಿಳಿದು ಸರ್ವಿಸ್ ಸೆಂಟರಿಗೆ ಅಲೆಯುತ್ತಾರೆ. ಬಿಸಿಲೇರಿದ ಮೇಲೆ ಕಾದ ನೆಲದಿಂದ ಮೇಲೇಳುವ ಗಾಳಿ ಬೆಳಕನ್ನು ಅತ್ತಿತ್ತ ಬಾಗಿಸುತ್ತದೆ. ದೂರ ಹೆಚ್ಚಿದಷ್ಟೂ, ಲೆನ್ಸ್ ಉದ್ದವಾದಷ್ಟೂ ತೊಂದರೆ ಹೆಚ್ಚು. ಯಾವ ಸಾಫ್ಟ್‌ವೇರೂ ಇದನ್ನು ನೆಟ್ಟಗೆ ಸರಿಮಾಡಲಾರದು. ಚಳಿಗಾಲದಲ್ಲೂ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ದೂರದ ಹಕ್ಕಿಯನ್ನು ತೆಗೆಯದಿರುವುದೇ ಒಳ್ಳೆಯದು. ಕಾರಿನೊಳಗಿಂದ ತೆಗೆಯುವವರು ಬಿಸಿಯಾದ ಬಾನೆಟ್ ಮೇಲಿಂದ ಗುರಿಯಿಡಬಾರದು. ಎಸಿ ಹಾಕಿದ ಕಾರಿನ ಕಿಟಕಿ ಇಳಿಸಿದ ಕೂಡಲೇ ತೆಗೆದರೂ ಇದೇ ಗತಿ.

ಉಳಿದೆರಡಕ್ಕೆ ಮದ್ದು ಕ್ಯಾಮೆರಾದಲ್ಲೇ ಇದೆ. ಮೋಡ್ ಮ್ಯಾನ್ಯುಯಲ್, ಶಟರ್ 1/2000ರಿಂದ 1/2500 ಸೆಕೆಂಡ್, ಅಪರ್ಚರ್ ಎಫ್/6.3 ಅಥವಾ ಎಫ್/7.1, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ. ಬೆಳಗಿನ ಬೆಳಕಿನಲ್ಲಿ ಐಎಸ್‌ಒ 1600 ದಾಟಿದರೂ ಬಿಡಿ. ಕಾಳುಕಾಳಾದ ಫೋಟೊವನ್ನು ಆಮೇಲೆ ಸ್ವಚ್ಛ ಮಾಡಬಹುದು, ಅಲುಗಿದ್ದನ್ನು ಆಗದು. ಫೋಕಸ್ ನಿಕಾನ್‌ನಲ್ಲಿ ಎಎಫ್-ಸಿ, ಕ್ಯಾನನ್‌ನಲ್ಲಿ ಎಐ ಸರ್ವೋ ಇರಲಿ, ಎರಡೂ ಚಲಿಸುವ ಹಕ್ಕಿಯನ್ನು ಬಿಡದೆ ಫೋಕಸ್ ಮಾಡುತ್ತವೆ. ಲೆನ್ಸಿನ ಪಕ್ಕದಲ್ಲಿ ಫೋಕಸ್ ಮಿತಿಯ ಸ್ವಿಚ್ ಇದ್ದರೆ ದೂರದ ಹಕ್ಕಿಗೆ ಮಾತ್ರ ಎಂದು ಹಾಕಿ, ಇಲ್ಲವಾದರೆ ಒಮ್ಮೆ ತಪ್ಪಿದ ಫೋಕಸ್ ಹತ್ತಿರದ ತುದಿಯವರೆಗೆ ಹೋಗಿ ಮರಳುವಷ್ಟರಲ್ಲಿ ಹಿಂಡು ದಾಟಿಹೋಗಿರುತ್ತದೆ. ಹಕ್ಕಿ ದೂರದಲ್ಲಿದ್ದಾಗಲೇ ಚೌಕಟ್ಟಿಗೆ ತಂದುಕೊಂಡು, ಸೊಂಟದಿಂದ ತಿರುಗುತ್ತಾ ಹಿಂಬಾಲಿಸಿ. ಹತ್ತಿರ ಬಂದಾಗ ನಾಲ್ಕೈದು ಫ್ರೇಮಿನ ತುಂಡುತುಂಡು ಬರ್ಸ್ಟ್ (ಒಂದರ ಹಿಂದೊಂದು ಫೋಟೊ) ತೆಗೆಯಿರಿ. ಬಟನ್ ಒತ್ತಿಯೇ ಇಟ್ಟರೆ ಬಫರ್ (ಕ್ಯಾಮೆರಾದ ತಾತ್ಕಾಲಿಕ ಸಂಗ್ರಹ) ತುಂಬಿ, ರೆಕ್ಕೆ ಚೆಂದವಾಗಿ ಬಿಚ್ಚಿದ ಹೊತ್ತಿಗೆ ಕ್ಯಾಮೆರಾ ನಿಂತುಬಿಡುತ್ತದೆ. ಬೆಳ್ಳಗಿನ ಆಕಾಶದ ಎದುರು ಹಕ್ಕಿ ಕಪ್ಪಾಗುತ್ತಿದ್ದರೆ ಎಕ್ಸ್‌ಪೋಶರ್ +1 ಮಾಡಿ. ನೀರಿನ ಕಪ್ಪು ಹಿನ್ನೆಲೆಯಲ್ಲಿ ಬೆಳ್ಳಕ್ಕಿ ತೆಗೆಯುವಾಗ -0.7.

ನಿಲ್ಲುವ ಜಾಗ ಇವೆಲ್ಲಕ್ಕಿಂತ ಮುಖ್ಯ. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ನಿಮ್ಮತ್ತ ಇರುತ್ತದೆ, ಮುಖದ ಮೇಲೆ ಬೆಳಕೂ ಇರುತ್ತದೆ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಗೆ ಸಾಮಾನ್ಯವಾಗಿ ಮೂಡಣ ಗಾಳಿ. ಅಂದರೆ ಬೆಳಗ್ಗೆ ಕೆರೆಯ ಪೂರ್ವ ದಂಡೆಯಲ್ಲಿರಬೇಕು. ಹೆಬ್ಬಾತುಗಳು ಹೊಲಗಳಿಗೆ ಮೇಯಲು ಹೋಗಿ ಬರುವ ದಾರಿಯನ್ನು ಒಂದು ದಿನ ಕ್ಯಾಮೆರಾ ಇಲ್ಲದೆ ನೋಡಿಕೊಳ್ಳಿ. ಹಿಂಡನ್ನು ಎಬ್ಬಿಸಿ ಹಾರಿಸಬೇಡಿ. ಹಿಮಾಲಯ ದಾಟಿ ಬಂದ ಹಕ್ಕಿಗಳವು, ಹಗಲಿನ ವಿಶ್ರಾಂತಿ ಅವಕ್ಕೆ ಬೇಕೇ ಬೇಕು. ಮೇಲಾಗಿ, ಹೆದರಿ ಎದ್ದ ಹಿಂಡು ನಿಮಗೆ ಬೆನ್ನು ತೋರಿಸಿಯೇ ಹೋಗುತ್ತದೆ. ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ್ದು ಇಂಥ ಅತಿಥಿಗಳಿಂದಾಗಿಯೇ.

ಪ್ರಶ್ನೆ: ರಂಗನತಿಟ್ಟಿನಲ್ಲಿ ದೋಣಿಯಿಂದ ತೆಗೆಯುವಾಗ ಟ್ರೈಪಾಡ್ ಬೇಕೆ?
– ಓದುಗರು, ಮಂಡ್ಯ

ಬೇಡ. ದೋಣಿಯ ಅಲುಗಾಟ ಟ್ರೈಪಾಡಿನ ಕಾಲುಗಳ ಮೂಲಕ ಲೆನ್ಸಿಗೇ ಏರುತ್ತದೆ. ಕೈಯಲ್ಲೇ ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ ಕುಳಿತುಕೊಳ್ಳಿ. ಕೂತ ಹಕ್ಕಿಗೂ ಶಟರ್ 1/1000ಕ್ಕಿಂತ ಇಳಿಸಬೇಡಿ. ಬೆಳಗಿನ ಮೊದಲ ದೋಣಿಗೆ ಹೋಗಿ. ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ಹೊತ್ತು ತರುವ ದೃಶ್ಯ ಬೇಕಿದ್ದರೆ ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ.

ಪ್ರಶ್ನೆ: ಮೊದಲ ಸಲ ಕಬಿನಿ ಸಫಾರಿಗೆ ಹೋಗುತ್ತಿದ್ದೇವೆ. ಏನು ಸಿದ್ಧತೆ ಬೇಕು?
– ದಂಪತಿ, ಹುಬ್ಬಳ್ಳಿ

ಸಫಾರಿ ನಡೆಯುತ್ತಿದೆಯೇ, ಕ್ಯಾಮೆರಾ ಶುಲ್ಕ ಎಷ್ಟು ಎಂಬುದನ್ನು ಹೊರಡುವ ಮುನ್ನ ವಿಚಾರಿಸಿ. ಲೆನ್ಸ್ ಉದ್ದವಾದಂತೆ ಶುಲ್ಕವೂ ಏರುತ್ತದೆ. ಒಂದು ಬೀನ್ ಬ್ಯಾಗ್ ಹೊಲಿಸಿಕೊಳ್ಳಿ: ದಪ್ಪ ಬಟ್ಟೆಯ ಚೀಲಕ್ಕೆ ಮುಕ್ಕಾಲು ಭಾಗ ಅಕ್ಕಿಯೋ ಕಾಳೋ ತುಂಬಿ ಜೀಪಿನ ಕಂಬಿಯ ಮೇಲಿಟ್ಟರೆ ಲೆನ್ಸ್ ಕೂರುತ್ತದೆ. ಪೂರ್ತಿ ತುಂಬಿದರೆ ಲೆನ್ಸ್ ಉರುಳುತ್ತದೆ. ಎಂಜಿನ್ ಆಫ್ ಮಾಡುವಂತೆ ಚಾಲಕರನ್ನು ವಿನಯದಿಂದ ಕೇಳಿ, ಅದರ ನಡುಕದಲ್ಲಿ ಯಾವ ಫೋಟೊವೂ ನಿಲ್ಲದು. ಮರದ ನೆರಳಿನಲ್ಲಿ ಸಂಜೆ ಬೆಳಕು ಬಹಳ ಕಡಿಮೆ. ನಿಂತ ಪ್ರಾಣಿಗೆ 1/250 ಸಾಕು, ನಡೆಯುವುದಕ್ಕೆ 1/640 ಬೇಕು. ಏಪ್ರಿಲ್-ಮೇನಲ್ಲಿ ಹಿನ್ನೀರು ಇಳಿದು ಹಸಿರು ಹುಲ್ಲು ಬಂದಾಗ ಆನೆಗಳು ಗುಂಪುಗುಂಪಾಗಿ ಸೇರುತ್ತವೆ. ಆಗ 70-200ರಂಥ ಚಿಕ್ಕ ಲೆನ್ಸ್ ಕೈಯಲ್ಲಿರಲಿ. ಹಿಂಡು, ನೀರು, ದಡ ಒಟ್ಟಿಗೆ ಬಂದ ಚಿತ್ರಕ್ಕೆ ಸೊಂಡಿಲಿನ ಕ್ಲೋಸಪ್ ಸಾಟಿಯಲ್ಲ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸಿಗೆ ಫಂಗಸ್ ಬಂದಿರುತ್ತದೆ. ಬ್ಯಾಗಿನಲ್ಲೇ ಜೋಪಾನವಾಗಿ ಇಟ್ಟಿರುತ್ತೇನೆ.
– ಓದುಗರು, ತೀರ್ಥಹಳ್ಳಿ

ಬ್ಯಾಗಿನಲ್ಲಿಟ್ಟದ್ದೇ ಕಾರಣ. ಅದರ ಸ್ಪಂಜು ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬೀರುವಿನೊಳಗೆ ಗಾಳಿಯೂ ಬೆಳಕೂ ಇಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತನ್ನಿ. ಒಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್, ಬಟ್ಟೆ ಚೀಲದಲ್ಲಿ ಕಾಲು ಕೆ.ಜಿ. ಸಿಲಿಕಾ ಜೆಲ್ ಇಡಿ. ಮೀಟರ್ 40ರಿಂದ 50ರೊಳಗಿರಲಿ. 60 ದಾಟಿ ದಿನಗಟ್ಟಲೆ ಉಳಿದರೆ ಫಂಗಸ್‌ಗೆ ದಾರಿಯಾಯಿತು, 30ಕ್ಕಿಂತ ಇಳಿದರೆ ರಬ್ಬರು, ಗ್ರೀಸು ಒಣಗುತ್ತವೆ. ಹರಳುಗಳ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಮೊದಲಿನ ಬಣ್ಣ ಬರುವವರೆಗೆ ಬಿಸಿ ಮಾಡಿ, ಆರಿಸಿ ಮತ್ತೆ ಹಾಕಿ. ಅಕ್ಕಿ ಬೇಡ, ಅದರ ಹಿಟ್ಟಿನ ದೂಳು ಲೆನ್ಸಿಗೆ ಸೇರುತ್ತದೆ. ಮಳೆಯಲ್ಲಿ ನೆನೆದ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕದೆ, ಒರೆಸಿ, ಫ್ಯಾನಿನ ಕೆಳಗೆ ಆರಲು ಬಿಡಿ. ಈಗಾಗಲೇ ಫಂಗಸ್ ಹಿಡಿದ ಲೆನ್ಸನ್ನು ಬೇರೆಯಾಗಿಟ್ಟು ಬೇಗ ಸ್ವಚ್ಛ ಮಾಡಿಸಿ. ತಡವಾದರೆ ಗಾಜಿನ ಲೇಪನವನ್ನೇ ಕೊರೆದುಬಿಡುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು.

ಪ್ರಶ್ನೆ: ಜೊತೆಗಾರರು ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುತ್ತಾರೆ, ಗೂಡಿಗೆ ಅಡ್ಡವಿರುವ ಕೊಂಬೆ ಸರಿಸುತ್ತಾರೆ. ಇದು ಸರಿಯೆ?
– ವಿದ್ಯಾರ್ಥಿನಿ, ಶಿರಸಿ

ಎರಡೂ ತಪ್ಪು. ಕೂಗು ಕೇಳಿದ ಗಂಡುಹಕ್ಕಿ ತನ್ನ ಸೀಮೆಗೆ ಇನ್ನೊಂದು ನುಗ್ಗಿತೆಂದು ಮೇವು, ಮರಿ ಬಿಟ್ಟು ಹುಡುಕಾಡುತ್ತದೆ. ಗೂಡನ್ನು ಮರೆಮಾಡಿದ ಕೊಂಬೆಯನ್ನು ಸರಿಸಿದರೆ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ಬೀಳುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಎಂಬುದರ ವ್ಯಾಖ್ಯೆಯೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಜೊತೆಗಾರರಿಗೆ ಇದನ್ನು ತಿಳಿಸಿ.

ಬೇಸಿಗೆಯಲ್ಲಿ ಬಯಲಿನಲ್ಲಿ ನಡೆಯುವಾಗ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕೂಗಿದರೆ ಕಾಲ ಬಳಿ ಮೊಟ್ಟೆಗಳಿವೆ ಎಂದರ್ಥ. ಅವು ಕಲ್ಲಿನ ಬಣ್ಣದವು, ಕಾಣುವುದಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ತಾಯಿಯ ನೆರಳು ತಪ್ಪಿದರೆ ಕಾದ ನೆಲದಲ್ಲಿ ಮೊಟ್ಟೆಗಳು ಬೇಗನೆ ಕೆಡುತ್ತವೆ. ಗೂಬೆ, ಕಾಡುಪಾಪದಂಥವುಗಳ ಫೋಟೊ ಹಂಚಿಕೊಳ್ಳುವಾಗ ಜಾಗದ ಹೆಸರು ಬರೆಯಬೇಡಿ, ಫೈಲಿನಲ್ಲಿರುವ ಜಿಪಿಎಸ್ ಮಾಹಿತಿಯನ್ನೂ ಅಳಿಸಿ.

ಪ್ರಶ್ನೆ: ಮನೆಯ ಹಿತ್ತಲಲ್ಲೇ ಜೇಡ, ಚಿಟ್ಟೆ, ಕಪ್ಪೆಗಳಿವೆ. ಮ್ಯಾಕ್ರೊ ಲೆನ್ಸ್ ಇಲ್ಲದೆ ಆಗುತ್ತದೆಯೆ?
– ಗೃಹಿಣಿ, ಪುತ್ತೂರು

ಆಗುತ್ತದೆ. 50 ಮಿ.ಮೀ. ಲೆನ್ಸಿನ ಹಿಂದೆ ಎಕ್ಸ್‌ಟೆನ್ಶನ್ ಟ್ಯೂಬ್ (ಲೆನ್ಸನ್ನು ಕ್ಯಾಮೆರಾದಿಂದ ಮುಂದಕ್ಕೆ ಸರಿಸುವ ಟೊಳ್ಳು ಬಳೆ) ಹಾಕಿದರೆ ಸಾಕು. ಆಟೊಫೋಕಸ್ ಸಂಪರ್ಕವಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರ್ ಬದಲಿಸುವುದು ಕಷ್ಟ. ಎಫ್/11, ಶಟರ್ 1/200, ಐಎಸ್‌ಒ 200, ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲಿ 1/16ರಿಂದ ಶುರು ಮಾಡಿ. ಅಪರ್ಚರ್ ಇನ್ನೂ ಕಿರಿದು ಮಾಡಿದರೆ ಎಲ್ಲವೂ ಸ್ಪಷ್ಟವಾದೀತು ಎಂದು ಎಫ್/22ಕ್ಕೆ ಹೋಗಬೇಡಿ, ಇಷ್ಟು ಹತ್ತಿರದಲ್ಲಿ ಇಡೀ ಚಿತ್ರವೇ ಮಬ್ಬಾಗುತ್ತದೆ. ಫ್ಲ್ಯಾಶ್ ಮುಂದೆ ಟಿವಿ ಪ್ಯಾಕಿಂಗಿನಲ್ಲಿ ಬರುವ ತೆಳುವಾದ ಬಿಳಿ ಫೋಮ್ ಹಾಳೆಯನ್ನು ಬಾಗಿಸಿ ಕಟ್ಟಿ, ಜೀರುಂಡೆಯ ಬೆನ್ನಿನ ಮೇಲಿನ ಬಿಳಿ ಚುಕ್ಕೆ ಮಾಯವಾಗುತ್ತದೆ. ಕ್ಯಾಮೆರಾ ಸ್ಥಿರವಾಗಿ ಹಿಡಿದು, ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲುತ್ತಾ ಕಣ್ಣು ಸ್ಪಷ್ಟವಾದ ಕ್ಷಣಕ್ಕೆ ಒತ್ತಿ. ಬಿಸಿಲು ಬೀಳುವ ಮೊದಲು ಕೀಟಗಳು ಚಳಿಗೆ ಅಲುಗದೆ ಕೂತಿರುತ್ತವೆ. ಕಪ್ಪೆಯನ್ನು ಮಾತ್ರ ಮುಟ್ಟಬೇಡಿ: ಅದು ಚರ್ಮದಿಂದಲೂ ಉಸಿರಾಡುವ ಜೀವಿ, ಕೈಗೆ ಹಚ್ಚಿದ ಸೊಳ್ಳೆ ಕ್ರೀಮು ಅದರ ಮೈಗೆ ಇಳಿಯುತ್ತದೆ.